‘ಎಲ್ಲರ ಹಿತ’ ಅಂದರೆ ಎಷ್ಟು? ಅಮೆರಿಕದ ಸಂವಿಧಾನದ ಎರಡು ಪದಗಳ ಜಗಳ

ಅಮೆರಿಕದ ಸಂವಿಧಾನದ ಒಂದು ಸಾಲನ್ನು ಕನ್ನಡಕ್ಕೆ ತರಲು ಕೂತರೆ ಅರ್ಧದಲ್ಲೇ ಪೆನ್ನು ನಿಲ್ಲುತ್ತದೆ. ಮೊದಲನೇ ವಿಧಿಯ 8ನೇ ಕಲಂನ ಆರಂಭದ ಸಾಲು ಅದು. ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಏನೇನು ಅಧಿಕಾರ ಇದೆ ಅಂತ ಹೇಳುವ ಜಾಗ. ಅದನ್ನು ಹೀಗೆ ಬರೆಯಬಹುದು: “ತೆರಿಗೆ, ಸುಂಕ ಹಾಕಿ ವಸೂಲಿ ಮಾಡುವ, ಸಾಲ ತೀರಿಸುವ, ದೇಶದ ರಕ್ಷಣೆಯನ್ನೂ ಎಲ್ಲರ ಹಿತವನ್ನೂ ನೋಡಿಕೊಳ್ಳುವ ಅಧಿಕಾರ ಕಾಂಗ್ರೆಸ್ಸಿಗೆ ಇದೆ.” ಹೀಗೂ ಬರೆಯಬಹುದು: “ಸಾಲ ತೀರಿಸಲು, ದೇಶದ ರಕ್ಷಣೆಯನ್ನೂ ಎಲ್ಲರ ಹಿತವನ್ನೂ ನೋಡಿಕೊಳ್ಳಲು ತೆರಿಗೆ, ಸುಂಕ ಹಾಕಿ ವಸೂಲಿ ಮಾಡುವ ಅಧಿಕಾರ ಕಾಂಗ್ರೆಸ್ಸಿಗೆ ಇದೆ.”

‘ನೋಡಿಕೊಳ್ಳುವ’ ಮತ್ತು ‘ನೋಡಿಕೊಳ್ಳಲು’. ಕನ್ನಡದಲ್ಲಿ ಇವೆರಡರಲ್ಲಿ ಒಂದನ್ನು ಆರಿಸಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರೂಪ. ಆದರೆ ಎರಡರ ನಡುವಿನ ಅಂತರ ನೋಡಿ. ಮೊದಲನೆಯ ರೀತಿಯಲ್ಲಿ ಓದಿದರೆ ಎಲ್ಲರ ಹಿತ ನೋಡಿಕೊಳ್ಳುವುದೇ ಒಂದು ಪ್ರತ್ಯೇಕ ಅಧಿಕಾರ. ಹಿತ ಅನ್ನಿಸಿದ ಯಾವ ಕಾನೂನನ್ನು ಬೇಕಾದರೂ ಕಾಂಗ್ರೆಸ್ ಮಾಡಬಹುದು. ಎರಡನೆಯ ರೀತಿಯಲ್ಲಿ ಓದಿದರೆ ಅಧಿಕಾರ ಇರುವುದು ತೆರಿಗೆ ಹಾಕುವುದಕ್ಕೆ ಮಾತ್ರ. ‘ಎಲ್ಲರ ಹಿತ’ ಅನ್ನುವುದು ಆ ತೆರಿಗೆ ಯಾಕೆ ಅಂತ ಹೇಳುವ ಮಾತು.

ಈ ಒಂದು ಪ್ರತ್ಯಯದ ಸುತ್ತ ಅಮೆರಿಕ 230ಕ್ಕೂ ಜಾಸ್ತಿ ವರ್ಷದಿಂದ ಜಗಳ ಆಡುತ್ತಿದೆ. ರಸ್ತೆ ಮಾಡಬಹುದಾ, ಬರ ಬಿದ್ದ ಊರಿಗೆ ಬಿತ್ತನೆ ಬೀಜ ಕೊಡಬಹುದಾ, ಮುದುಕರಿಗೆ ಪಿಂಚಣಿ ಕೊಡಬಹುದಾ, ಬಡವರ ಆಸ್ಪತ್ರೆ ಖರ್ಚು ಕಟ್ಟಬಹುದಾ, ಎಲ್ಲ ಪ್ರಶ್ನೆಯೂ ಸುತ್ತಿಕೊಂಡು ಇಲ್ಲಿಗೇ ಬರುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಾನು ‘ಎಲ್ಲರ ಹಿತ’ ಅಂತ ಬರೆದದ್ದಕ್ಕೆ ಇಂಗ್ಲಿಷಿನಲ್ಲಿ ಇರುವ ‘ಜನರಲ್ ವೆಲ್ಫೇರ್’ ಅನ್ನುವ ಮಾತು ಆ ಸಂವಿಧಾನದಲ್ಲಿ ಎರಡು ಕಡೆ ಬರುತ್ತದೆ. ಒಂದು ಪೀಠಿಕೆಯಲ್ಲಿ. ನ್ಯಾಯ ನೆಲೆಗೊಳಿಸಲು, ರಕ್ಷಣೆಗೆ, ಎಲ್ಲರ ಹಿತವನ್ನು ಬೆಳೆಸಲು ಈ ಸಂವಿಧಾನ ಅಂತ ಅಲ್ಲಿ ಹೇಳಿದೆ. ಪೀಠಿಕೆ ಉದ್ದೇಶ ಹೇಳುತ್ತದೆ, ಅಧಿಕಾರ ಕೊಡುವುದಿಲ್ಲ. 1905ರ ಜೇಕಬ್ಸನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಆದ್ದರಿಂದ ಪೀಠಿಕೆಯ ಮಾತನ್ನು ಹಿಡಿದು ವಾದ ಮಾಡುವವರ ಕೈಯಲ್ಲಿ ಕಾನೂನಿನ ಬಲ ಇಲ್ಲ. ನಿಜವಾದ ಜಗಳ ಇರುವುದು 8ನೇ ಕಲಂನ ಸಾಲಿನ ಮೇಲೆ.

ಇನ್ನೊಂದು ಗೊಂದಲ ‘ವೆಲ್ಫೇರ್’ ಅನ್ನುವ ಪದದ್ದು. ಇವತ್ತು ಆ ಪದ ಕೇಳಿದರೆ ಬಡವರಿಗೆ ಸರ್ಕಾರ ಕೊಡುವ ಸಹಾಯಧನ ನೆನಪಿಗೆ ಬರುತ್ತದೆ. 1787ರಲ್ಲಿ ಆ ಅರ್ಥ ಇರಲಿಲ್ಲ. ಚೆನ್ನಾಗಿರುವುದು, ಕ್ಷೇಮ, ಅಷ್ಟೇ. ಕನ್ನಡದಲ್ಲಿ ‘ಕಲ್ಯಾಣ’ ಅಂತ ಬರೆದರೂ ಇದೇ ತೊಂದರೆ, ಓದುವವರ ಮನಸ್ಸು ನೇರವಾಗಿ ‘ಕಲ್ಯಾಣ ಯೋಜನೆ’ಗೆ ಹೋಗಿಬಿಡುತ್ತದೆ. ಅದಕ್ಕೇ ನಾನು ಇಲ್ಲಿ ‘ಎಲ್ಲರ ಹಿತ’ ಅಂತಲೇ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ತೂಕ ಇರುವುದು ‘ಹಿತ’ದ ಮೇಲಲ್ಲ, ‘ಎಲ್ಲರ’ ಅನ್ನುವುದರ ಮೇಲೆ. ಯಾವುದೋ ಒಂದು ರಾಜ್ಯದ್ದಲ್ಲ, ಒಂದು ಊರಿನದ್ದಲ್ಲ, ಇಡೀ ಒಕ್ಕೂಟದ್ದು.

ಈಗ ಸಂವಿಧಾನ ಬರೆಯುವ ಸಭೆ ಸೇರಿದ್ದ 1787ರ ಫಿಲಡೆಲ್ಫಿಯಾಗೆ ಹೋಗೋಣ. ಅದಕ್ಕೂ ಮುಂಚೆ ಹದಿಮೂರು ರಾಜ್ಯಗಳ ನಡುವೆ ಒಂದು ಒಪ್ಪಂದ ಇತ್ತು. ಅದರಲ್ಲೂ ಇದೇ ಮಾತು ಇತ್ತು: ರಕ್ಷಣೆಗೆ ಮತ್ತು ಎಲ್ಲರ ಹಿತಕ್ಕೆ ಆಗುವ ಖರ್ಚನ್ನು ಒಂದು ಸಾಮಾನ್ಯ ಬೊಕ್ಕಸದಿಂದ ಭರಿಸಬೇಕು. ಆದರೆ ಆ ಬೊಕ್ಕಸಕ್ಕೆ ದುಡ್ಡು ಬರಬೇಕಾದದ್ದು ರಾಜ್ಯಗಳಿಂದ, ರಾಜ್ಯಗಳು ಸರಿಯಾಗಿ ಕೊಡುತ್ತಿರಲಿಲ್ಲ. ಯುದ್ಧದ ಸಾಲ ಹಾಗೇ ಉಳಿದಿತ್ತು. ಕೇಂದ್ರಕ್ಕೆ ತಾನೇ ತೆರಿಗೆ ಹಾಕುವ ಶಕ್ತಿ ಕೊಡದೆ ಬೇರೆ ದಾರಿ ಇರಲಿಲ್ಲ. ಹೊಸ ಸಂವಿಧಾನಕ್ಕೆ ಹಳೆಯ ಒಪ್ಪಂದದ ಪದಗಳು ಬಂದವು, ಅವುಗಳ ಹಿಂದೆ ತೆರಿಗೆ ಅನ್ನುವ ಹೊಸ ಬಲವೂ ಬಂತು.

ಅಲ್ಲಿ ಒಂದು ಅರ್ಧವಿರಾಮದ ಕಥೆಯೂ ಇದೆ. ಕರಡನ್ನು ತಿದ್ದಿ ನಯಗೊಳಿಸುವ ಸಮಿತಿಯಲ್ಲಿ ಮುಖ್ಯವಾಗಿ ಬರೆದವರು ಪೆನ್ಸಿಲ್ವೇನಿಯಾದ ಗವರ್ನರ್ ಮೋರಿಸ್ (ಗವರ್ನರ್ ಅನ್ನುವುದು ಅವರ ಹೆಸರೇ, ಹುದ್ದೆ ಅಲ್ಲ). ‘ಸುಂಕ’ ಅನ್ನುವ ಪದದ ನಂತರ ಅಲ್ಪವಿರಾಮದ ಬದಲು ಅರ್ಧವಿರಾಮ ಇಟ್ಟರೆ ಸಾಲು ಎರಡು ತುಂಡಾಗುತ್ತದೆ, ‘ಹಿತ ನೋಡಿಕೊಳ್ಳುವ’ ಅನ್ನುವುದು ಪ್ರತ್ಯೇಕ ಅಧಿಕಾರದ ಹಾಗೆ ಕಾಣುತ್ತದೆ. ಆ ಸಮಿತಿಯ ವರದಿಯಲ್ಲಿ ಅರ್ಧವಿರಾಮವೇ ಇತ್ತು. ಕೊನೆಗೆ ಸಹಿಯಾದ ಪ್ರತಿಯಲ್ಲಿ ಮತ್ತೆ ಅಲ್ಪವಿರಾಮ ಬಂತು. 1798ರಲ್ಲಿ ಆಲ್ಬರ್ಟ್ ಗ್ಯಾಲಟಿನ್ ಕೆಳಮನೆಯಲ್ಲಿ ಎದ್ದು ನಿಂತು, ಪೆನ್ಸಿಲ್ವೇನಿಯಾದ ಒಬ್ಬ ಸದಸ್ಯರು ಬೇಕಂತಲೇ ಹೀಗೆ ಮಾಡಿದ್ದರು, ಕನೆಕ್ಟಿಕಟ್‌ನ ಒಬ್ಬರು ಅದನ್ನು ಕಂಡುಹಿಡಿದು ಸರಿ ಮಾಡಿಸಿದರು ಎಂದು ಆರೋಪಿಸಿದರು. ಗ್ಯಾಲಟಿನ್ ಫಿಲಡೆಲ್ಫಿಯಾದ ಆ ಸಭೆಯಲ್ಲಿ ಇರಲಿಲ್ಲ, ಕೇಳಿದ್ದನ್ನು ಹೇಳಿದರು. ಆರೋಪ ನಿಜವೋ ಅಲ್ಲವೋ, ಒಂದು ಚುಕ್ಕೆಯ ಬೆಲೆ ಎಷ್ಟು ಅಂತ ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು ಅನ್ನುವುದಂತೂ ಇದರಿಂದ ತಿಳಿಯುತ್ತದೆ.

ಸಂವಿಧಾನವನ್ನು ರಾಜ್ಯಗಳು ಒಪ್ಪಬೇಕಾಗಿದ್ದಾಗ ಈ ಸಾಲಿನ ಮೇಲೆ ಮೊದಲ ಕಲ್ಲು ಬಿತ್ತು. ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ‘ಬ್ರೂಟಸ್’ ಎಂಬ ಗುಪ್ತನಾಮದಲ್ಲಿ ಒಬ್ಬರು ಬರೆಯುತ್ತಿದ್ದರು. ಅವರ ವಾದ ಸರಳ. ಎಲ್ಲರ ಹಿತ ಏನು ಅನ್ನುವುದರ ಬಗ್ಗೆ ಮನುಷ್ಯರು ಯಾವತ್ತೂ ಒಮ್ಮತಕ್ಕೆ ಬಂದಿಲ್ಲ. ಹಾಗಿರುವಾಗ ಈ ಪದಗಳು ಕಾಂಗ್ರೆಸ್ಸಿಗೆ ಮಿತಿ ಹಾಕುತ್ತವೆ ಅನ್ನುವುದೂ ‘ನಿಮಗೆ ಮನಸ್ಸು ಬಂದ ಹಾಗೆ ತೆರಿಗೆ ಹಾಕಿ’ ಅನ್ನುವುದೂ ಒಂದೇ. ನನಗೆ ಅನ್ನಿಸುವ ಹಾಗೆ ಈ ಇಡೀ ಚರ್ಚೆಯಲ್ಲಿ ಅತಿ ಗಟ್ಟಿಯಾದ ಆಕ್ಷೇಪ ಇದೇ. ಇದಕ್ಕೆ ಪೂರ್ತಿ ಉತ್ತರ ಇವತ್ತಿಗೂ ಸಿಕ್ಕಿಲ್ಲ.

ಉತ್ತರ ಕೊಡಲು ಬಂದವರು, ಸಂವಿಧಾನವನ್ನು ರೂಪಿಸಿದವರಲ್ಲಿ ಮುಖ್ಯರಾದ ಜೇಮ್ಸ್ ಮ್ಯಾಡಿಸನ್. ಸಂವಿಧಾನದ ಪರವಾಗಿ ಬರೆದ ಫೆಡರಲಿಸ್ಟ್ ಲೇಖನಮಾಲೆಯ, 1788ರ ಜನವರಿಯಲ್ಲಿ ಬಂದ 41ನೇ ಕಂತಿನಲ್ಲಿ ಅವರು ಓದುಗರನ್ನು ಹೀಗೆ ಕೇಳಿದರು: ಮೊದಲ ಸಾಲಿನಲ್ಲೇ ಎಲ್ಲ ಅಧಿಕಾರ ಕೊಟ್ಟುಬಿಟ್ಟಿದ್ದರೆ, ಅದರ ಕೆಳಗೆ ಅಧಿಕಾರಗಳ ಅಷ್ಟುದ್ದದ ಪಟ್ಟಿ ಯಾಕೆ ಬೇಕಿತ್ತು? ನಿಜ ಅಲ್ವಾ? 8ನೇ ಕಲಂನಲ್ಲಿ ಒಟ್ಟು 18 ಉಪಕಲಂಗಳಿವೆ. ಸಾಲ ತೆಗೆಯುವುದು, ವ್ಯಾಪಾರ ನಿಯಂತ್ರಿಸುವುದು, ನಾಣ್ಯ ಹೊಡೆಯುವುದು, ಅಂಚೆ ಕಚೇರಿ ಮತ್ತು ಅಂಚೆ ರಸ್ತೆ ಮಾಡುವುದು, ಸೈನ್ಯ ಕಟ್ಟುವುದು. ಮೊದಲ ಸಾಲಿನ ‘ಎಲ್ಲರ ಹಿತ’ ಈ ಪಟ್ಟಿಗೆ ಹಾಕಿದ ತಲೆಬರಹ ಇದ್ದ ಹಾಗೆ, ಅದರ ವಿವರ ಏನೆಂದು ಪಟ್ಟಿಯೇ ಹೇಳುತ್ತದೆ ಅನ್ನುವುದು ಮ್ಯಾಡಿಸನ್ ನಿಲುವು. ಅಂದರೆ ತೆರಿಗೆಯ ದುಡ್ಡನ್ನು ಪಟ್ಟಿಯಲ್ಲಿ ಇರುವ ಕೆಲಸಕ್ಕೆ ಮಾತ್ರ ಖರ್ಚು ಮಾಡಬೇಕು. ಪಟ್ಟಿಯ ಹೊರಗೆ ಒಂದು ಕಾಸೂ ಹೋಗಬಾರದು.

ಸುಮಾರು ನಾಲ್ಕು ವರ್ಷ ಕಳೆಯಿತು. ಅದೇ ಲೇಖನಮಾಲೆಯನ್ನು ಮ್ಯಾಡಿಸನ್ ಜೊತೆ ಸೇರಿ ಬರೆದಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಈಗ ಖಜಾನೆ ಕಾರ್ಯದರ್ಶಿ. 1791ರ ಡಿಸೆಂಬರಿನಲ್ಲಿ ಅವರು ದೇಶದ ಕೈಗಾರಿಕೆಗಳ ಬಗ್ಗೆ ಕಾಂಗ್ರೆಸ್ಸಿಗೆ ಒಂದು ದೊಡ್ಡ ವರದಿ ಕೊಟ್ಟರು. ಹೊಸ ಕೈಗಾರಿಕೆಗಳಿಗೆ ಸರ್ಕಾರ ಪ್ರೋತ್ಸಾಹಧನ ಕೊಡಬೇಕು ಅಂದರು. ಅದು ಪಟ್ಟಿಯಲ್ಲಿ ಎಲ್ಲಿದೆ ಅಂತ ಯಾರಾದರೂ ಕೇಳುತ್ತಾರೆ ಅಂತ ಗೊತ್ತಿದ್ದೇ ಉತ್ತರವನ್ನೂ ಬರೆದರು. ‘ಎಲ್ಲರ ಹಿತ’ ಅನ್ನುವುದು ಪಟ್ಟಿಗಿಂತ ದೊಡ್ಡದು. ಒಂದು ದೇಶಕ್ಕೆ ಮುಂದೆ ಏನೇನು ಬೇಕಾಗಬಹುದು ಅಂತ ಮೊದಲೇ ಪಟ್ಟಿ ಮಾಡಿಡಲು ಆಗುವುದಿಲ್ಲ, ಅದಕ್ಕೇ ಇಷ್ಟು ಅಗಲವಾದ ಪದ ಬಳಸಿದ್ದಾರೆ ಅಂದರು.

ಹ್ಯಾಮಿಲ್ಟನ್ ಬಗ್ಗೆ ಬರೆಯುವವರು ಇಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ಅದೇ ಜಾಗದಲ್ಲಿ ಅವರು ಎರಡು ಬೇಲಿಗಳನ್ನೂ ಹಾಕಿದ್ದರು. ಒಂದು, ಖರ್ಚಿನ ಉದ್ದೇಶ ಇಡೀ ದೇಶಕ್ಕೆ ಸಂಬಂಧಿಸಿರಬೇಕು, ಒಂದು ಊರಿನ ಸ್ವಂತ ಕೆಲಸ ಆಗಿರಬಾರದು. ಎರಡು, ಇದು ದುಡ್ಡು ಖರ್ಚು ಮಾಡುವ ಅಧಿಕಾರ ಮಾತ್ರ. ಹಿತ ಅನ್ನುವ ನೆಪದಲ್ಲಿ ಸಂವಿಧಾನ ಕೊಡದ ಬೇರೆ ಯಾವುದೇ ಕೆಲಸವನ್ನು ಮಾಡುವ ಅಧಿಕಾರ ಇದರಿಂದ ಬರುವುದಿಲ್ಲ. ಉದಾಹರಣೆಗೆ, ಈ ಓದಿನ ಪ್ರಕಾರ ಶಾಲೆಗೆ ದುಡ್ಡು ಕೊಡಬಹುದು. ಆದರೆ ಎಲ್ಲರ ಹಿತ ಅಂತ ಹೇಳಿ ‘ಪ್ರತಿ ಮಗುವೂ ಇಂಥದ್ದನ್ನೇ ಕಲಿಯಬೇಕು’ ಅನ್ನುವ ಕಾನೂನು ಮಾಡುವ ಹಾಗಿಲ್ಲ. ಬೊಕ್ಕಸದ ಬೀಗದ ಕೈ ಬೇರೆ, ಬೆತ್ತ ಬೇರೆ.

ಹೀಗಾಗಿ ನೆಲದ ಮೇಲೆ ನಿಂತಿರುವ ಓದುಗಳು ಎರಡೇ. ಹಿತಕ್ಕಾಗಿ ಏನು ಬೇಕಾದರೂ ಕಾನೂನು ಮಾಡಬಹುದು ಅನ್ನುವ ಮೂರನೆಯ ಓದು ಭಾಷಣಗಳಲ್ಲಿ ಆಗಾಗ ಕೇಳಿಸುತ್ತದೆ, ಕೋರ್ಟಿನಲ್ಲಿ ಅದು ಯಾವತ್ತೂ ಗೆದ್ದಿಲ್ಲ. ಮ್ಯಾಡಿಸನ್‌ಗೂ ಹ್ಯಾಮಿಲ್ಟನ್‌ಗೂ ಇದ್ದ ಜಗಳ ಅಧಿಕಾರದ ಬಗೆಯ ಮೇಲಲ್ಲ, ಚೀಲದ ಬಾಯಿ ಎಷ್ಟು ಅಗಲ ಅನ್ನುವುದರ ಮೇಲೆ.

ಆಗ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಥಾಮಸ್ ಜೆಫರ್ಸನ್ ಇನ್ನೊಂದು ಮಾತು ಸೇರಿಸಿದರು. 1791ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಬ್ಯಾಂಕ್ ಮಾಡಬಹುದಾ ಅಂತ ಅಧ್ಯಕ್ಷ ವಾಷಿಂಗ್ಟನ್ ಅಭಿಪ್ರಾಯ ಕೇಳಿದಾಗ ಅವರು ಬರೆದದ್ದರ ಸಾರ ಇದು: ಎಲ್ಲರ ಒಳ್ಳೆಯದಕ್ಕೆ ಏನು ಬೇಕಾದರೂ ಮಾಡಬಹುದು ಅಂತ ಆದರೆ, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಅಂತ ತೀರ್ಮಾನಿಸುವವರೂ ಅವರೇ ಆಗಿರುವುದರಿಂದ, ತಮಗೆ ಬೇಕಾದ ಕೆಟ್ಟದ್ದನ್ನೂ ಮಾಡುವ ಅಧಿಕಾರ ಅವರಿಗೆ ಸಿಕ್ಕ ಹಾಗಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಳುವವರು ಯಾರು ಅನ್ನುವ ಭಯ ಇದು.

ಪದಗಳ ಮಟ್ಟದಲ್ಲಿ ನೋಡಿದರೆ ನನಗೆ ಹ್ಯಾಮಿಲ್ಟನ್ ಓದೇ ಸರಿ ಅನ್ನಿಸುತ್ತದೆ. ಕಾರಣ ಇದೆ. ಪಟ್ಟಿಯಲ್ಲಿರುವ ಕೆಲಸಕ್ಕೆ ದುಡ್ಡು ಖರ್ಚು ಮಾಡಲು ಬೇರೆ ಅನುಮತಿ ಬೇಕಾಗಿಯೇ ಇಲ್ಲ. ಸೈನ್ಯ ಕಟ್ಟುವ ಅಧಿಕಾರ ಕೊಟ್ಟ ಮೇಲೆ ಸೈನಿಕರಿಗೆ ಸಂಬಳ ಕೊಡುವ ಅಧಿಕಾರ ಅದರೊಳಗೇ ಇರುತ್ತದೆ. ಪಟ್ಟಿಯ ಕೊನೆಯ ಉಪಕಲಂ, ಈ ಕೆಲಸಗಳಿಗೆ ಅಗತ್ಯವಾದ ಕಾನೂನು ಮಾಡಬಹುದು ಅಂತ ಹೇಳಿಯೇ ಇದೆ. ಮ್ಯಾಡಿಸನ್ ಹೇಳಿದಂತೆ ಓದಿದರೆ ‘ಎಲ್ಲರ ಹಿತ’ ಅನ್ನುವುದು ಸುಮ್ನೆ ಬಿದ್ದಿರುವ ಎರಡು ಪದ ಆಗುತ್ತದೆ. ಮ್ಯಾಡಿಸನ್‌ಗೂ ಇದರ ಅರಿವಿತ್ತು. 1830ರಲ್ಲಿ ಬರೆದ ಒಂದು ದೀರ್ಘ ಪತ್ರದಲ್ಲಿ ಅವರು ಇದಕ್ಕೆ ಸಮಾಧಾನ ಹೇಳಿದರು: ಹಳೆಯ ಒಪ್ಪಂದದಲ್ಲಿ ಬಳಸಿ ರೂಢಿಯಾಗಿದ್ದ, ಯಾರಿಗೂ ಅಪಾಯಕಾರಿ ಅನ್ನಿಸದ ಪದ ಅದು, ಹಾಗೇ ಬಂದು ಸೇರಿಕೊಂಡಿತು. ಮನುಷ್ಯರು ಕರಡು ಬರೆಯುವ ರೀತಿ ನೋಡಿದರೆ ಅದೂ ನಂಬುವ ಹಾಗೇ ಇದೆ. ಹಳೆಯ ಕಾಗದದ ಸಾಲನ್ನು ಹೊಸ ಕಾಗದಕ್ಕೆ ಇಳಿಸಿಕೊಳ್ಳದವರು ಯಾರಿದ್ದಾರೆ?

ಈ ಜಗಳ ಬರೀ ಕಾಗದದ ಮೇಲೆ ನಡೆಯಲಿಲ್ಲ. ಸೇಂಟ್ ಡೊಮಿಂಗೋ, ಅಂದರೆ ಇವತ್ತಿನ ಹೈಟಿಯ ದಂಗೆಯಿಂದ ಓಡಿಬಂದ ನಿರಾಶ್ರಿತರು ಬಾಲ್ಟಿಮೋರ್ ಮುಂತಾದ ಕಡೆ ಕೈಯಲ್ಲಿ ಏನೂ ಇಲ್ಲದೆ ನಿಂತಿದ್ದರು. 1794ರ ಫೆಬ್ರವರಿಯಲ್ಲಿ ಕಾಂಗ್ರೆಸ್ ಅವರಿಗೆ 15,000 ಡಾಲರ್ ಮಂಜೂರು ಮಾಡಿತು. ಹಾಗೆ ಕೊಡುವ ಅಧಿಕಾರ ಸಂವಿಧಾನದಲ್ಲಿ ಎಲ್ಲಿದೆ ಅಂತ ಚರ್ಚೆಯಲ್ಲಿ ಕೇಳಿದವರು ಮ್ಯಾಡಿಸನ್ನೇ. ಅಮೆರಿಕ ಫ್ರಾನ್ಸಿನಿಂದ ತೆಗೆದಿದ್ದ ಸಾಲವನ್ನು ತೀರಿಸಬೇಕಿತ್ತು. ಈ ದುಡ್ಡನ್ನು ಸದ್ಯಕ್ಕೆ ಫ್ರಾನ್ಸಿನ ಲೆಕ್ಕಕ್ಕೆ ಬರೆದುಕೊಳ್ಳೋಣ ಅಂತ ದಾರಿ ಹುಡುಕಿದರು. ‘ಎಲ್ಲರ ಹಿತ’ದ ಬಾಗಿಲು ತೆರೆಯದೆ ‘ಸಾಲ ತೀರಿಸುವ’ ಬಾಗಿಲಿನಿಂದ ದುಡ್ಡು ಹೊರಗೆ ಬಂತು. ಎರಡು ವರ್ಷದ ಮೇಲೆ ಜಾರ್ಜಿಯಾದ ಸವಾನ್ನಾ ಊರು ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಆಗ ಸಹಾಯ ಕೇಳಿದರೆ ಕೆಳಮನೆ ಇಲ್ಲ ಅಂದಿತು. ಹೊರಗಿನಿಂದ ಬಂದವರಿಗೆ ಸಿಕ್ಕಿದ್ದು ತಮ್ಮದೇ ಊರಿನವರಿಗೆ ಸಿಗಲಿಲ್ಲ.

1817ರ ಮಾರ್ಚ್ 3, ಮ್ಯಾಡಿಸನ್ ಅಧ್ಯಕ್ಷರಾಗಿ ಕಳೆದ ಕೊನೆಯ ಪೂರ್ತಿ ದಿನ. ರಸ್ತೆ, ಕಾಲುವೆಗಳಿಗೆ ದುಡ್ಡು ಕೊಡುವ ಮಸೂದೆ ಮೇಜಿನ ಮೇಲಿತ್ತು. ರಸ್ತೆ, ಕಾಲುವೆಗಳಿಂದ ದೇಶಕ್ಕೆ ಬಹಳ ಲಾಭ ಅಂತ ಅವರು ಒಪ್ಪಿಕೊಂಡರು. ಆದರೂ ಮಸೂದೆಯನ್ನು ವಾಪಸ್ ಕಳಿಸಿದರು. ಬೇಕಾದರೆ ಸಂವಿಧಾನ ತಿದ್ದುಪಡಿ ಮಾಡಿ ಅನ್ನುವುದು ಅವರ ಮಾತು. ತನಗೆ ಇಷ್ಟವಾದ ಕೆಲಸವನ್ನೇ ನಿಯಮಕ್ಕಾಗಿ ಬಿಟ್ಟುಕೊಟ್ಟ ಆ ಗಟ್ಟಿತನಕ್ಕೆ ನನಗೆ ಗೌರವ ಇದೆ, ಅವರ ಓದನ್ನು ನಾನು ಒಪ್ಪದಿದ್ದರೂ.

ಆಮೇಲಿನ ನೂರು ವರ್ಷ ಹಗ್ಗಜಗ್ಗಾಟ. 1854ರಲ್ಲಿ ಡೊರೊಥಿಯಾ ಡಿಕ್ಸ್ ವರ್ಷಗಟ್ಟಲೆ ಓಡಾಡಿ ಪಾಸು ಮಾಡಿಸಿದ, ಬಡ ಮಾನಸಿಕ ರೋಗಿಗಳಿಗಾಗಿ ಸರ್ಕಾರಿ ಭೂಮಿ ಕೊಡುವ ಮಸೂದೆಯನ್ನು ಅಧ್ಯಕ್ಷ ಪಿಯರ್ಸ್ ತಡೆದರು. 1861ರಲ್ಲಿ ಒಕ್ಕೂಟದಿಂದ ಸಿಡಿದು ಹೋದ ದಕ್ಷಿಣದ ರಾಜ್ಯಗಳು ತಮ್ಮದೇ ಸಂವಿಧಾನ ಬರೆದುಕೊಂಡವು. ಹಳೆಯದನ್ನೇ ಬಹುಪಾಲು ನಕಲು ಮಾಡಿದರು, ‘ಎಲ್ಲರ ಹಿತ’ವನ್ನು ಮಾತ್ರ ನೆನಪಿಟ್ಟು ಕಿತ್ತುಹಾಕಿದರು. 1887ರಲ್ಲಿ ಟೆಕ್ಸಾಸಿನಲ್ಲಿ ಬರ. ರೈತರಿಗೆ ಬಿತ್ತನೆ ಬೀಜ ಕೊಡಲು 10,000 ಡಾಲರ್‌ಗಳ ಮಸೂದೆ ಬಂತು. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಸಹಿ ಹಾಕಲಿಲ್ಲ. ಜನ ಸರ್ಕಾರವನ್ನು ಸಾಕಬೇಕೇ ಹೊರತು ಸರ್ಕಾರ ಜನರನ್ನು ಸಾಕಬಾರದು ಅಂದರು.

ನಂತರ ಬಂದದ್ದು 1930ರ ದಶಕ. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರು, ಉಳಿತಾಯ ಕರಗಿಹೋದ ಮುದುಕರು, ಬೆಲೆ ಬಿದ್ದು ಬೆಳೆ ಕೊಳೆಯುತ್ತಿದ್ದ ರೈತರು. ರೈತರಿಗೆ ಸಹಾಯ ಮಾಡಲು 1933ರಲ್ಲಿ ಒಂದು ಕಾನೂನು ಬಂತು. ಹತ್ತಿ ಮುಂತಾದ ಬೆಳೆಯನ್ನು ಸಂಸ್ಕರಿಸುವ ಗಿರಣಿಗಳ ಮೇಲೆ ತೆರಿಗೆ, ಆ ದುಡ್ಡು ಕಡಿಮೆ ಬಿತ್ತುವ ರೈತರಿಗೆ. ಬೆಳೆ ಕಡಿಮೆಯಾದರೆ ಬೆಲೆ ಏರುತ್ತದೆ ಅನ್ನುವ ಲೆಕ್ಕ. ಮ್ಯಾಸಚೂಸೆಟ್ಸ್‌ನ ಒಂದು ಹತ್ತಿ ಗಿರಣಿಯ ಪರವಾಗಿ ತೆರಿಗೆ ಕಟ್ಟುವುದಿಲ್ಲ ಅಂತ ತಕರಾರು ತೆಗೆದರು. ಅದೇ ‘ಯುನೈಟೆಡ್ ಸ್ಟೇಟ್ಸ್ ವಿರುದ್ಧ ಬಟ್ಲರ್’ ಪ್ರಕರಣ.

1936ರ ಜನವರಿಯಲ್ಲಿ ಬಂದ ಆ ತೀರ್ಪು ವಿಚಿತ್ರ. ನ್ಯಾಯಮೂರ್ತಿ ಓವನ್ ರಾಬರ್ಟ್ಸ್ ಮ್ಯಾಡಿಸನ್ ಮತ್ತು ಹ್ಯಾಮಿಲ್ಟನ್ ಇಬ್ಬರ ವಾದವನ್ನೂ ಎದುರು ಬದುರು ಇಟ್ಟು, ಹ್ಯಾಮಿಲ್ಟನ್ನೇ ಸರಿ ಅಂದರು. ಖರ್ಚಿನ ಅಧಿಕಾರ ಪಟ್ಟಿಗೆ ಕಟ್ಟುಬಿದ್ದಿಲ್ಲ. ಸುಮಾರು ಒಂದೂವರೆ ಶತಮಾನದ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಕೊಟ್ಟ ಮೊದಲ ನೇರ ಉತ್ತರ ಅದು. ಅದೇ ತೀರ್ಪಿನ ಮುಂದಿನ ಪುಟಗಳಲ್ಲಿ, ವ್ಯವಸಾಯ ರಾಜ್ಯಗಳ ವಿಷಯ, ಹತ್ತನೇ ತಿದ್ದುಪಡಿ ಅದನ್ನು ರಾಜ್ಯಗಳಿಗೆ ಬಿಟ್ಟಿದೆ, ದುಡ್ಡಿನ ಆಸೆ ತೋರಿಸಿ ರೈತರನ್ನು ನಿಯಂತ್ರಿಸುವ ಹಾಗಿಲ್ಲ ಅಂತ ಹೇಳಿ ಕಾನೂನನ್ನು 6–3ರಿಂದ ಹೊಡೆದುಹಾಕಿದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹ್ಯಾಮಿಲ್ಟನ್ ಗೆದ್ದರು, ಅವರ ಓದನ್ನು ನಂಬಿ ಮಾಡಿದ ಕಾನೂನು ಸೋತಿತು.

ಅಷ್ಟರಲ್ಲಿ ವೃದ್ಧಾಪ್ಯ ಪಿಂಚಣಿ, ನಿರುದ್ಯೋಗ ವಿಮೆ ಎರಡನ್ನೂ ತಂದ ಸೋಷಿಯಲ್ ಸೆಕ್ಯುರಿಟಿ ಕಾನೂನು ಬಂದಾಗಿತ್ತು. 1935ರ ಆಗಸ್ಟ್ 14ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ್ದರು. ಅದನ್ನು ರೂಪಿಸಿದ ಸಮಿತಿಯ ಮುಖ್ಯಸ್ಥೆ, ಕಾರ್ಮಿಕ ಖಾತೆಯ ಕಾರ್ಯದರ್ಶಿ ಫ್ರಾನ್ಸಿಸ್ ಪರ್ಕಿನ್ಸ್. ಮುದುಕರಿಗೆ ಪಿಂಚಣಿ ಕೊಡುವ ಅಧಿಕಾರ ಸಂವಿಧಾನದಲ್ಲಿ ಎಲ್ಲಿದೆ ಅನ್ನುವ ಚಿಂತೆ ಅವರನ್ನು ಕಾಡುತ್ತಿತ್ತು. ಒಂದು ಚಹಾ ಕೂಟದಲ್ಲಿ ಪಕ್ಕದಲ್ಲಿ ಕೂತಿದ್ದ ನ್ಯಾಯಮೂರ್ತಿ ಸ್ಟೋನ್ ತಗ್ಗಿದ ದನಿಯಲ್ಲಿ, ತೆರಿಗೆ ಹಾಕುವ ಅಧಿಕಾರ ಇದೆಯಲ್ಲ, ನಿಮಗೆ ಬೇಕಾದ್ದಕ್ಕೆಲ್ಲ ಅದು ಸಾಕು ಅಂದರೆಂದು ಪರ್ಕಿನ್ಸ್ ಮುಂದೆ ನೆನಪಿಸಿಕೊಂಡಿದ್ದಾರೆ. ಕಾನೂನಿನಲ್ಲಿ ತೆರಿಗೆಯ ಭಾಗವನ್ನೂ ಪಿಂಚಣಿಯ ಭಾಗವನ್ನೂ ಬೇಕಂತಲೇ ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟರು. ಒಂದರಲ್ಲಿ ತೆರಿಗೆ, ಇನ್ನೊಂದರಲ್ಲಿ ಎಲ್ಲರ ಹಿತಕ್ಕೆ ಖರ್ಚು.

1937ರ ಮೇ 24ರಂದು ಎರಡು ತೀರ್ಪು ಒಟ್ಟಿಗೆ ಬಂದವು. ಎರಡನ್ನೂ ಬರೆದವರು ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ. ಒಂದರಲ್ಲಿ ಅಲಬಾಮಾದ ಒಂದು ಕಂಪನಿ ತಾನು ಕಟ್ಟಿದ 46 ಡಾಲರ್ 14 ಸೆಂಟ್ ನಿರುದ್ಯೋಗ ತೆರಿಗೆಯನ್ನು ವಾಪಸ್ ಕೇಳಿತ್ತು. ಅಷ್ಟು ಚಿಕ್ಕ ಮೊತ್ತದ ಮೇಲೆ ಇಡೀ ದೇಶದ ನಿರುದ್ಯೋಗ ವಿಮೆ ನಿಂತಿತ್ತು, 5–4ರಿಂದ ಉಳಿಯಿತು. ಇನ್ನೊಂದು ‘ಹೆಲ್ವರಿಂಗ್ ವಿರುದ್ಧ ಡೇವಿಸ್’, ವೃದ್ಧಾಪ್ಯ ಪಿಂಚಣಿಯ ಪ್ರಕರಣ. ಅದರಲ್ಲಿ ಕಾರ್ಡೋಜೊ ಹೇಳಿದ ಮೂರು ಮಾತು ಮುಖ್ಯ.

ಎಲ್ಲರ ಹಿತ ಅನ್ನುವುದು ನಿಂತ ನೀರಲ್ಲ. ನೂರು ವರ್ಷದ ಹಿಂದೆ ಒಂದು ಊರಿನದ್ದಷ್ಟೇ ಆಗಿದ್ದ ಕಷ್ಟ ಇವತ್ತು ಇಡೀ ದೇಶದ ಕಷ್ಟ ಆಗಿರಬಹುದು. ಇದು ಒಂದು. ರಾಜ್ಯಗಳೇ ಯಾಕೆ ಪಿಂಚಣಿ ಕೊಡಬಾರದು ಅನ್ನುವ ಪ್ರಶ್ನೆಗೆ ಎರಡನೆಯ ಮಾತು. ಒಂದು ರಾಜ್ಯ ಮಾತ್ರ ಪಿಂಚಣಿ ಕೊಟ್ಟರೆ ಪಕ್ಕದ ರಾಜ್ಯದ ಬಡ ಮುದುಕರೆಲ್ಲ ಅಲ್ಲಿಗೆ ಬರುತ್ತಾರೆ, ತೆರಿಗೆ ಕಟ್ಟುವ ಕಾರ್ಖಾನೆಗಳು ಅಲ್ಲಿಂದ ಹೊರಡುತ್ತವೆ. ಹಾಗಾಗಿ ಪ್ರತಿ ರಾಜ್ಯವೂ ಇನ್ನೊಂದನ್ನು ನೋಡುತ್ತ ಹಿಂದೆ ಸರಿಯುತ್ತದೆ. ಯಾರಿಗೂ ಒಬ್ಬೊಬ್ಬರಾಗಿ ಮಾಡಲು ಆಗದ ಕೆಲಸ ಅಂದರೆ ಅದೇ ‘ಎಲ್ಲರ’ ಕೆಲಸ. ಹ್ಯಾಮಿಲ್ಟನ್ ಹಾಕಿದ ಮೊದಲ ಬೇಲಿಗೆ, ಅಂದರೆ ಊರಿನದ್ದು ಯಾವುದು ದೇಶದ್ದು ಯಾವುದು ಅನ್ನುವುದಕ್ಕೆ, ಇದಕ್ಕಿಂತ ಚೆನ್ನಾದ ವಿವರಣೆ ನಾನು ಓದಿಲ್ಲ.

ಮೂರನೆಯ ಮಾತು, ತೀರ್ಮಾನಿಸುವವರು ಯಾರು ಅನ್ನುವುದು. ಅದು ಕೋರ್ಟಿನ ಕೆಲಸ ಅಲ್ಲ, ಕಾಂಗ್ರೆಸ್ಸಿನ ಕೆಲಸ. ಆಯ್ಕೆ ಕಣ್ಣಿಗೆ ಹೊಡೆಯುವಷ್ಟು ತಪ್ಪಾಗಿದ್ದರೆ, ಬರೀ ದರ್ಪ ಆಗಿದ್ದರೆ ಮಾತ್ರ ಕೋರ್ಟ್ ಕೈ ಹಾಕುತ್ತದೆ. ಇಲ್ಲಿಗೆ ಬ್ರೂಟಸ್ ಹೇಳಿದ್ದು ನಿಜವಾಯಿತು. ದುಡ್ಡು ಖರ್ಚು ಮಾಡುವವರೇ ಅದು ಹಿತವೋ ಅಲ್ಲವೋ ಅಂತ ತೀರ್ಮಾನಿಸುವವರು. ಜೆಫರ್ಸನ್ನರ ಭಯಕ್ಕೆ ಉಳಿದ ಉತ್ತರ ಒಂದೇ: ಸರಿ ಕಾಣದಿದ್ದರೆ ಜನ ಚುನಾವಣೆಯಲ್ಲಿ ನೋಡಿಕೊಳ್ಳಲಿ.

1940ರ ಜನವರಿ 31ರಂದು ಮೊದಲ ಮಾಸಿಕ ಪಿಂಚಣಿ ಚೆಕ್ ಬರೆದರು. ವರ್ಮಾಂಟ್ ರಾಜ್ಯದ ಲಡ್ಲೋ ಊರಿನ ಐಡಾ ಮೇ ಫುಲ್ಲರ್ ಹೆಸರಿಗೆ, 22 ಡಾಲರ್ 54 ಸೆಂಟ್. ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದ ಆಕೆ ಮೂರು ವರ್ಷದಲ್ಲಿ ಕಟ್ಟಿದ್ದ ತೆರಿಗೆ 24 ಡಾಲರ್ 75 ಸೆಂಟ್. ನೂರು ವರ್ಷ ಬದುಕಿದರು, ಒಟ್ಟು 22,888 ಡಾಲರ್ 92 ಸೆಂಟ್ ಪಡೆದರು. 8ನೇ ಕಲಂನ ಎರಡು ಪದ ಒಂದು ಮನೆಯ ಅಂಚೆ ಪೆಟ್ಟಿಗೆಗೆ ತಿಂಗಳು ತಿಂಗಳು ಬಂದು ಬೀಳುತ್ತಿದ್ದ ರೀತಿ ಅದು.

ಇದಾದ ಮೇಲೆ ‘ಖರ್ಚು ಮಾಡಬಹುದಾ’ ಅನ್ನುವ ಪ್ರಶ್ನೆ ಬಹುಮಟ್ಟಿಗೆ ಮುಗಿಯಿತು. ಜಗಳ ಮುಗಿಯಲಿಲ್ಲ, ಜಾಗ ಬದಲಾಯಿಸಿತು. ಹೊಸ ಪ್ರಶ್ನೆ: ದುಡ್ಡು ಕೊಡುವಾಗ ಷರತ್ತು ಹಾಕಬಹುದಾ?

ಹ್ಯಾಮಿಲ್ಟನ್ನರ ಎರಡನೆಯ ಬೇಲಿ ನೆನಪಿದೆಯಲ್ಲ, ಬೊಕ್ಕಸದ ಬೀಗದ ಕೈ ಬೇರೆ, ಬೆತ್ತ ಬೇರೆ ಅನ್ನುವುದು. ಷರತ್ತು ಹಾಕಿದ ಅನುದಾನ ಆ ಬೇಲಿಯನ್ನೇ ಅಲ್ಲಾಡಿಸುತ್ತದೆ. 1984ರಲ್ಲಿ ಕಾಂಗ್ರೆಸ್ ಒಂದು ಕಾನೂನು ಮಾಡಿತು. 21 ವರ್ಷಕ್ಕಿಂತ ಚಿಕ್ಕವರಿಗೆ ಮದ್ಯ ಕೊಳ್ಳಲು ಬಿಡುವ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಶೇ. 5ರಷ್ಟು ಕಡಿತ. ಕುಡಿಯುವ ವಯಸ್ಸನ್ನು ನೇರವಾಗಿ ಗೊತ್ತು ಮಾಡುವ ಅಧಿಕಾರ ಕಾಂಗ್ರೆಸ್ಸಿಗೆ ಇದೆಯಾ ಅನ್ನುವುದೇ ಅನುಮಾನ ಇತ್ತು. ಅದಕ್ಕೇ ದುಡ್ಡಿನ ದಾರಿ ಹಿಡಿದರು. ದಕ್ಷಿಣ ಡಕೋಟಾದಲ್ಲಿ 19 ತುಂಬಿದವರು ಕಡಿಮೆ ಅಮಲಿನ ಬಿಯರ್ ಕೊಳ್ಳಬಹುದಿತ್ತು. ಆ ರಾಜ್ಯ ಕೋರ್ಟಿಗೆ ಹೋಯಿತು.

1987ರಲ್ಲಿ ಸುಪ್ರೀಂ ಕೋರ್ಟ್ 7–2ರಿಂದ ಕಾಂಗ್ರೆಸ್ ಪರ ನಿಂತಿತು, ಕೆಲವು ಅಳತೆಗಳನ್ನೂ ಕೊಟ್ಟಿತು. ಖರ್ಚು ಎಲ್ಲರ ಹಿತಕ್ಕೆ ಇರಬೇಕು. ಷರತ್ತು ಅರ್ಥವಾಗುವಷ್ಟು ಸ್ಪಷ್ಟವಾಗಿರಬೇಕು. ಷರತ್ತಿಗೂ ದುಡ್ಡಿನ ಉದ್ದೇಶಕ್ಕೂ ಸಂಬಂಧ ಇರಬೇಕು. ಹೆದ್ದಾರಿ ಸುರಕ್ಷತೆಗೂ ಕುಡಿದು ಓಡಿಸುವ ಹುಡುಗರಿಗೂ ಸಂಬಂಧ ಇದೆ ಅಂತ ಒಪ್ಪಿದರು. ಸಂವಿಧಾನದ ಬೇರೆ ಯಾವ ನಿಯಮವೂ ಮುರಿಯಬಾರದು. ಕೊನೆಯದಾಗಿ, ಆಸೆ ತೋರಿಸಬಹುದು, ಕತ್ತು ಹಿಡಿಯಬಾರದು. ಭಿನ್ನ ತೀರ್ಪು ಬರೆದ ಸಾಂಡ್ರಾ ಡೇ ಓಕಾನರ್ ಈ ಸಂಬಂಧವನ್ನು ಒಪ್ಪಲಿಲ್ಲ. ರಸ್ತೆ ಮಾಡಲು ದುಡ್ಡು ಕೊಟ್ಟವರು ರಸ್ತೆ ಹೇಗಿರಬೇಕು ಅಂತ ಹೇಳಬಹುದು, ಆ ರಸ್ತೆಯಲ್ಲಿ ಓಡಾಡುವ ಜನರ ಬದುಕಿಗೆ ನಿಯಮ ಹಾಕಲು ಹೊರಟರೆ ಅದಕ್ಕೆ ಕೊನೆ ಎಲ್ಲಿ ಅನ್ನುವುದು ಅವರ ವಾದ. ಈ ಒಂದು ವಿಷಯದಲ್ಲಿ ನನ್ನ ಮನಸ್ಸು ಅವರ ಕಡೆಗೇ ವಾಲುತ್ತದೆ.

ಕತ್ತು ಹಿಡಿಯುವುದು ಅಂದರೆ ಏನು ಅಂತ ಕೋರ್ಟ್ ತೋರಿಸಿದ್ದು 2012ರಲ್ಲಿ. ಬಡವರ ವೈದ್ಯಕೀಯ ಖರ್ಚು ಭರಿಸುವ ಮೆಡಿಕೇಡ್ ಯೋಜನೆ ಕೇಂದ್ರ ಮತ್ತು ರಾಜ್ಯ ಸೇರಿ ನಡೆಸುವಂಥದ್ದು. 2010ರ ಆರೋಗ್ಯ ಕಾನೂನು ಅದನ್ನು ಕಡಿಮೆ ಆದಾಯದ ಇನ್ನಷ್ಟು ವಯಸ್ಕರಿಗೆ ವಿಸ್ತರಿಸಿತು. ಒಪ್ಪದ ರಾಜ್ಯ ಹೊಸ ದುಡ್ಡನ್ನಷ್ಟೇ ಅಲ್ಲ, ಅದುವರೆಗೆ ಬರುತ್ತಿದ್ದ ಮೆಡಿಕೇಡ್ ದುಡ್ಡನ್ನೂ ಪೂರ್ತಿ ಕಳೆದುಕೊಳ್ಳಬಹುದಿತ್ತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಎರಡು ಲೆಕ್ಕ ಪಕ್ಕಪಕ್ಕ ಇಟ್ಟರು. ದಕ್ಷಿಣ ಡಕೋಟಾ ಕಳೆದುಕೊಳ್ಳಬಹುದಾಗಿದ್ದದ್ದು ತನ್ನ ಬಜೆಟ್ಟಿನಲ್ಲಿ ಶೇ. ಅರ್ಧಕ್ಕಿಂತ ಕಡಿಮೆ. ಇಲ್ಲಿ ರಾಜ್ಯಗಳು ಕಳೆದುಕೊಳ್ಳುವುದು ಶೇ. 10ಕ್ಕಿಂತ ಜಾಸ್ತಿ. ಇದು ಆಸೆ ತೋರಿಸುವುದಲ್ಲ, ತಲೆಗೆ ಬಂದೂಕು ಇಡುವುದು ಅಂದರು. ಏಳು ನ್ಯಾಯಮೂರ್ತಿಗಳು ಇದನ್ನು ಒಪ್ಪಿದರು. ವಿಸ್ತರಣೆ ಉಳಿಯಿತು, ಕಡ್ಡಾಯ ಹೋಯಿತು. ಬೇಕಾದ ರಾಜ್ಯ ಸೇರಬಹುದು, ಬೇಡದ ರಾಜ್ಯ ಬಿಡಬಹುದು.

2024ರ ಹೊತ್ತಿಗೆ 40 ರಾಜ್ಯಗಳು ಸೇರಿದ್ದವು, 10 ಹೊರಗೇ ಉಳಿದಿದ್ದವು. ಸೇರಿದವರಲ್ಲಿ ಅರ್ಕಾನ್ಸಾ ಇದೆ, ಹೊರಗೆ ಉಳಿದವರಲ್ಲಿ ಟೆಕ್ಸಾಸ್ ಇದೆ. ಈ ಎರಡು ರಾಜ್ಯಗಳ ಗಡಿಯ ಮೇಲೆ ಟೆಕ್ಸಾರ್ಕಾನಾ ಅನ್ನುವ ಊರಿದೆ. ಗಡಿಗೆರೆ ಊರಿನ ನಡುವೆಯೇ ಹಾದುಹೋಗುತ್ತದೆ, ಆ ಬೀದಿಯ ಹೆಸರೇ ಸ್ಟೇಟ್ ಲೈನ್ ಅವೆನ್ಯೂ. ಬೀದಿಯ ಒಂದು ಬದಿಯಲ್ಲಿ ಇರುವ, ಕೈಯಲ್ಲಿ ಹೆಚ್ಚು ಆದಾಯ ಇಲ್ಲದ, ಮಕ್ಕಳಿಲ್ಲದ ಆರೋಗ್ಯವಂತ ವಯಸ್ಕನಿಗೆ ಮೆಡಿಕೇಡ್ ಸಿಗುತ್ತದೆ. ಎದುರು ಬದಿಯಲ್ಲಿ ಇರುವ, ಅಷ್ಟೇ ಆದಾಯದ, ಅಂಥದ್ದೇ ಮನುಷ್ಯನಿಗೆ ಸಿಗುವುದಿಲ್ಲ. ಕೇಂದ್ರ ಸರ್ಕಾರದ ಅಂಚೆ ಕಚೇರಿ ಮತ್ತು ನ್ಯಾಯಾಲಯದ ಕಟ್ಟಡ ಅದೇ ಗೆರೆಯ ಮೇಲೆ, ಅರ್ಧ ಈ ಕಡೆ, ಅರ್ಧ ಆ ಕಡೆ ನಿಂತಿದೆ.